ಹೆಸರಿನೊಳಗಣ ಹೆಸರು: ವರಕವಿ ಬೇಂದ್ರೆಯವರ ಬದುಕು ಮತ್ತು ಕೃತಿನಾಮಗಳು

ವಚನಗಳಿಗೆ ತಲೆಬರಹವಿಲ್ಲ. ಬಸವಣ್ಣನವರ ವಚನವಾಗಲಿ, ಅಲ್ಲಮಪ್ರಭುಗಳ ವಚನವಾಗಲಿ, ಅಕ್ಕಮಹಾದೇವಿಯವರ ವಚನವಾಗಲಿ ಹೆಸರಿನಿಂದ ಆರಂಭವಾಗುವುದಿಲ್ಲ, ಅಂಕಿತದಲ್ಲಿ ಕೊನೆಗೊಳ್ಳುತ್ತದೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಕೊನೆಯ ನುಡಿ ಕಿವಿಗೆ ಬಿದ್ದೊಡನೆ ಆ ವಚನ ಯಾರದೆಂಬುದು ಕೇಳುವವನಿಗೆ ತಿಳಿಯುತ್ತದೆ. ದಾಸರ ಕೀರ್ತನೆಗಳ, ಅನುಭಾವಿಗಳ ತತ್ತ್ವಪದಗಳ ರೀತಿಯೂ ಇದೇ. ದೊಡ್ಡ ಕಾವ್ಯಗಳಿಗೆ ಕವಿಗಳು ಹೆಸರಿಟ್ಟದ್ದುಂಟು. ಆದರೆ ಬಿಡಿ ಹಾಡಿಗೆ ಬೇರೊಂದು ಹೆಸರನ್ನು ಕೊಟ್ಟು, ಅದನ್ನು ಪುಟದ ನೆತ್ತಿಯ ಮೇಲೆ ನಿಲ್ಲಿಸುವ ರೂಢಿ ಕನ್ನಡದಲ್ಲಿ ಅಚ್ಚಿನ ಪುಸ್ತಕಗಳೊಡನೆ, ನವೋದಯ ಕಾವ್ಯದೊಡನೆ ಬೆಳೆದು ಬಂದದ್ದು. ಆ ಹೊಸ ರೂಢಿಯನ್ನು ಕೈಗೆತ್ತಿಕೊಂಡು, ಇಟ್ಟ ಹೆಸರನ್ನೇ ಒಂದು ಕಿರುಗಾವ್ಯವನ್ನಾಗಿ ಮಾಡಿದ ಮಹನೀಯರಲ್ಲಿ ವರಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಅಗ್ರಗಣ್ಯರು.

ಬೇಂದ್ರೆಯವರ ಕೃತಿಗಳ ಹೆಸರುಗಳು ನೋಡುವುದಕ್ಕೆ ತೀರ ಸರಳವಾದವು. ಗರಿ, ಉಯ್ಯಾಲೆ, ಹಾಡು ಪಾಡು, ಅರಳು ಮರಳು, ನಾಕುತಂತಿ ಇವುಗಳಲ್ಲಿ ಹಳ್ಳಿಯ ಮಗುವಿಗೆ ತಿಳಿಯದ ಮಾತು ಒಂದೂ ಇಲ್ಲ. ಆದರೆ ಒಂದೊಂದು ಹೆಸರಿನ ಒಳಗೂ ಇನ್ನೊಂದು ಹೆಸರು ಅಡಗಿ ಕುಳಿತಿದೆ. ಹೊರಗಿನದು ನಗುತ್ತಿರುವಾಗ ಒಳಗಿನದು ಅಳುತ್ತಿರಬಹುದು. ಹೊರಗಿನದು ಹಗುರವಾಗಿರುವಾಗ ಒಳಗಿನದು ಭಾರವಾಗಿರಬಹುದು. ಈ ಎರಡರ ನಡುವಿನ ಅಂತರವನ್ನು ಅರಿಯಬೇಕಾದರೆ ಆ ಕವಿಯ ಜೀವನವನ್ನು ಅರಿಯಬೇಕು.

ಬೇಂದ್ರೆಯವರು ೧೮೯೬ರ ಜನವರಿ ೩೧ರಂದು ಧಾರವಾಡದಲ್ಲಿ ಜನಿಸಿದರು. ತಂದೆ ರಾಮಚಂದ್ರಭಟ್ಟರು, ತಾಯಿ ಅಂಬಿಕೆ. ವೈದಿಕ ವಿದ್ಯೆಯ ಮನೆತನ. ಮನೆಯ ಮಾತು ಮರಾಠಿ. ಚಿಕ್ಕವರಿರುವಾಗಲೇ ತಂದೆಯನ್ನು ಕಳೆದುಕೊಂಡ ಬಾಲಕ, ತಾಯಿ ಮತ್ತು ಅಜ್ಜಿಯರ ಆಸರೆಯಲ್ಲಿ ಬಡತನದ ನಡುವೆ ಬೆಳೆದನು. ಮನೆಯ ಹೊಸ್ತಿಲು ದಾಟಿದರೆ ಓಣಿಯ ತುಂಬ ಕನ್ನಡ. ಗಾದೆ, ಒಗಟು, ಹಂತಿಯ ಪದ, ಲಾವಣಿ, ಬಯಲಾಟ, ಭಜನೆ ಇವೆಲ್ಲ ಆ ಬಾಲಕನ ಕಿವಿಗೆ ಬಿದ್ದ ಮೊದಲ ಪಾಠಗಳಾದವು. ಧಾರವಾಡ ಸೀಮೆಯೆಂದರೆ ಶಿಶುನಾಳ ಶರೀಫ ಸಾಹೇಬರ ಪದಗಳು ಹರಿದಾಡಿದ ನೆಲ. ಶರೀಫರು ೧೮೮೯ರಲ್ಲಿ ಕಾಲವಾದರು. ಏಳು ವರ್ಷಗಳ ತರುವಾಯ ಬೇಂದ್ರೆಯವರ ಜನನ. ಸೋರುವ ಮಾಳಿಗೆಯನ್ನು ಹಾಡುತ್ತ ಅಜ್ಞಾನದಿಂದ ಸೋರುವ ಬದುಕನ್ನು ಸೂಚಿಸುವುದು ಶರೀಫರ ಮಾರ್ಗ. ಅಲ್ಲಮಪ್ರಭುಗಳ ಬೆಡಗಿನ ವಚನಗಳಲ್ಲಿಯೂ ಮೇಲಿನ ಮಾತು ಒಂದು, ಒಳಗಿನ ಅರಿವು ಇನ್ನೊಂದು. ಹೀಗೆ ಒಂದು ಮಾತಿನಲ್ಲಿ ಎರಡು ಅರ್ಥಗಳನ್ನು ಹುದುಗಿಸುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಅದನ್ನು ಪುಸ್ತಕದ ಹೊದಿಕೆಯ ಮೇಲಿನ ಹೆಸರಿಗೂ ವಿಸ್ತರಿಸಿದ್ದು ಬೇಂದ್ರೆಯವರ ಹೆಚ್ಚುಗಾರಿಕೆ.

ಧಾರವಾಡದಲ್ಲಿ ಶಾಲಾ ಶಿಕ್ಷಣವನ್ನು ಮುಗಿಸಿದ ಅವರು, ಚಿಕ್ಕಪ್ಪನ ನೆರವಿನಿಂದ ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿ ೧೯೧೮ರಲ್ಲಿ ಪದವೀಧರರಾದರು. ಊರಿಗೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದರು. ೧೯೧೯ರಲ್ಲಿ ಲಕ್ಷ್ಮೀಬಾಯಿಯವರೊಡನೆ ಅವರ ವಿವಾಹವಾಯಿತು. ೧೯೨೨ರಲ್ಲಿ ಮೊದಲ ಕೃತಿಯಾದ ಕೃಷ್ಣಕುಮಾರಿ ಪ್ರಕಟವಾಯಿತು. ಅದೇ ಕಾಲದಲ್ಲಿ ಧಾರವಾಡದಲ್ಲಿ ಅವರ ಸುತ್ತ ಕೂಡಿದ ತರುಣ ಸಾಹಿತಿಗಳ ಬಳಗವೇ ಗೆಳೆಯರ ಗುಂಪು. ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿಯವರಂಥ ಧೀಮಂತರು ಅಲ್ಲಿ ಒಡನಾಡಿದರು. ಮಂಡಲ, ಪರಿಷತ್ತು, ಸಭೆ ಮುಂತಾದ ಗಂಭೀರವಾದ ಹೆಸರುಗಳು ಸಿದ್ಧವಾಗಿದ್ದ ಕಾಲದಲ್ಲಿ ಈ ಬಳಗವು ತನ್ನನ್ನು ಗುಂಪೆಂದು ಕರೆದುಕೊಂಡಿತು. ಆ ಗುಂಪು ಮುಂದೆ ಕನ್ನಡ ನವೋದಯದ ಒಂದು ಪೀಠವೇ ಆದುದು ಇತಿಹಾಸ.

ಈ ಅವಧಿಯಲ್ಲಿಯೇ ಅವರು ತಮಗಾಗಿ ಒಂದು ಕಾವ್ಯನಾಮವನ್ನು ಧರಿಸಿದರು. ಅಂಬಿಕಾತನಯದತ್ತ ಎಂಬುದು ಆ ಹೆಸರು. ಅಂಬಿಕೆಯ ಮಗನಾದ ದತ್ತ ಎಂಬುದು ಅದರ ನೇರವಾದ ಅರ್ಥ. ಅಂಬಿಕೆಯೆಂದರೆ ಹೆತ್ತ ತಾಯಿ, ಅಂಬಿಕೆಯೆಂದರೆ ಜಗನ್ಮಾತೆ; ದತ್ತನೆಂದರೆ ತಾಯ್ತಂದೆಗಳಿಟ್ಟ ಹೆಸರು, ದತ್ತವೆಂದರೆ ಕೊಡಲ್ಪಟ್ಟದ್ದು. ಕವಿತೆಯನ್ನು ಬರೆಯುವವನು ಒಳಗಿನ ಅಂಬಿಕಾತನಯದತ್ತನೆಂದೂ, ಲೋಕದಲ್ಲಿ ಓಡಾಡುವ ಬೇಂದ್ರೆ ಬೇರೆಯವನೆಂದೂ ಅವರು ಭಾವಿಸಿದ್ದರು. ಕವಿತೆ ತನ್ನದಲ್ಲ, ತನಗೆ ದತ್ತವಾದುದು ಎಂಬ ವಿನಯ ಆ ಹೆಸರಿನಲ್ಲಿದೆ. ಶರಣರು ವಚನದ ಕೊನೆಯಲ್ಲಿ ತಮ್ಮ ಹೆಸರನ್ನು ಹೇಳದೆ ಇಷ್ಟದೈವದ ಹೆಸರನ್ನು ಹೇಳಿದರು. ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟು ತಾವು ಹಿಂದೆ ನಿಂತರು.

೧೯೩೨ರಲ್ಲಿ ಗರಿ ಎಂಬ ಕವನಸಂಗ್ರಹ ಹೊರಬಂದಿತು. ಗರಿಯೆಂದರೆ ಹಕ್ಕಿಯ ರೆಕ್ಕೆಯ ತುಣುಕು. ಗಾಳಿಗೆ ತೇಲುವಷ್ಟು ಹಗುರ. ಗರಿಯೆಂದರೆ ತಾಳೆಯ ಗರಿಯೂ ಹೌದು. ಕನ್ನಡದ ಹಳೆಯ ಕಾವ್ಯಗಳೆಲ್ಲ ಉಳಿದು ಬಂದುದು ಅದರ ಮೇಲೆಯೇ. ಹಾರುವುದೂ ಉಳಿಯುವುದೂ ಎರಡೂ ಆ ಒಂದು ಶಬ್ದದಲ್ಲಿವೆ. ಕಾಲವನ್ನೇ ಹಕ್ಕಿಯನ್ನಾಗಿ ಕಂಡ ಸುಪ್ರಸಿದ್ಧವಾದ ಕವಿತೆ ಈ ಸಂಗ್ರಹದಲ್ಲಿದೆ. ಅದರ ಜೊತೆಗೆ ನರಬಲಿ ಎಂಬ ಇನ್ನೊಂದು ಕವಿತೆಯೂ ಇದೆ. ಈ ಒಂದು ಹೆಸರಿನಲ್ಲಿ ಮಾತ್ರ ಮುಚ್ಚುಮರೆಯಿರಲಿಲ್ಲ. ಬ್ರಿಟಿಷ್ ಸರಕಾರದ ಅಧಿಕಾರಿಗಳು ಅದರಲ್ಲಿ ರಾಜದ್ರೋಹವನ್ನು ಕಂಡರು. ಕವಿಯನ್ನು ಬೆಳಗಾವಿಯ ಬಳಿಯ ಹಿಂಡಲಗಿ ಸೆರೆಮನೆಗೆ ಕಳಿಸಲಾಯಿತು. ಆ ಮೇಲೆ ಧಾರವಾಡದ ಸಮೀಪದ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿಡಲಾಯಿತು. ಗರಿಯಷ್ಟು ಹಗುರವಾದ ಹೆಸರನ್ನು ಹೊತ್ತ ಪುಸ್ತಕವು ಕವಿಯ ಸಂಸಾರದ ಮೇಲೆ ಬಂಡೆಯಾಗಿ ಕುಳಿತಿತು. ಹಾರುವ ಹಕ್ಕಿಯನ್ನು ನೋಡಿರೆಂದು ನಾಡಿಗೆ ಕರೆ ಕೊಟ್ಟವನು ತಾನೇ ಪಂಜರವನ್ನು ಸೇರಿದನು. ವಿಧಿಯ ಈ ವಿಡಂಬನೆಯನ್ನು ಯಾವ ಕವಿಯೂ ಮುಂದಾಗಿ ಯೋಜಿಸಲಾರನು.

ಸೆರೆಯಿಂದ ಬಿಡುಗಡೆಯಾದುದರಿಂದ ಕಷ್ಟ ತೀರಲಿಲ್ಲ. ರಾಜದ್ರೋಹಿಯೆಂಬ ಮುದ್ರೆ ಬಿದ್ದವನಿಗೆ ನೌಕರಿ ದೊರೆಯುವುದು ದುಸ್ತರವಾಗಿತ್ತು. ೧೯೩೫ರಲ್ಲಿ ಎಂ. ಎ. ಪದವಿಯನ್ನು ಪಡೆದರೂ ಹಲವು ವರ್ಷಗಳವರೆಗೆ ನೆಲೆಯಾದ ಉದ್ಯೋಗವಿರಲಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಜೀವನ ಪತ್ರಿಕೆಯ ಸಂಪಾದನೆಯ ಹೊಣೆಯನ್ನು ಕೆಲಕಾಲ ನಿರ್ವಹಿಸಿದರು. ಇದೇ ಕಷ್ಟದ ದಿನಗಳಲ್ಲಿ ಅವರ ನಾಟಕಗಳ ಸಂಗ್ರಹವು ಹುಚ್ಚಾಟಗಳು ಎಂಬ ಹೆಸರಿನಿಂದ ಬೆಳಕು ಕಂಡಿತು. ಉತ್ತರ ಕರ್ನಾಟಕದಲ್ಲಿ ನಾಟಕಕ್ಕೆ ಆಟವೆಂದೇ ಹೆಸರು. ದೊಡ್ಡಾಟ, ಸಣ್ಣಾಟ, ಬಯಲಾಟ ಎಂಬ ಮಾತುಗಳು ಬಳಕೆಯಲ್ಲಿವೆ. ಹುಚ್ಚರ ಆಟವೋ, ಆಟದ ಹುಚ್ಚೋ, ಹುಚ್ಚೆಂಬ ಲೋಕದ ಆಟವೋ ಎಂಬುದನ್ನು ಪ್ರೇಕ್ಷಕನೇ ನಿರ್ಣಯಿಸಬೇಕು. ಸಾಯೋ ಆಟ ಎಂಬ ನಾಟಕದ ಹೆಸರಿನಲ್ಲಿ ಜಗತ್ತಿನ ಅತ್ಯಂತ ಗಂಭೀರವಾದ ಸಂಗತಿಯೂ ಮಕ್ಕಳ ಆಟವೂ ಒಂದೇ ಹಗ್ಗದಲ್ಲಿ ಕಟ್ಟಲ್ಪಟ್ಟಿವೆ. ಕಥೆಗಳನ್ನೂ ಇತರ ಗದ್ಯಲೇಖನಗಳನ್ನೂ ಒಳಗೊಂಡ ಸಂಗ್ರಹಕ್ಕೆ ಅವರು ನಿರಾಭರಣ ಸುಂದರಿ ಎಂದು ಹೆಸರಿಟ್ಟರು. ಛಂದಸ್ಸಿನ ಒಡವೆ, ಪ್ರಾಸದ ಒಡವೆ ಇಲ್ಲದ ಗದ್ಯವು ಆಭರಣವಿಲ್ಲದೆಯೂ ಚೆಲುವೆಯೇ ಎಂದು ಆ ಹೆಸರನ್ನು ತಿಳಿದುಕೊಳ್ಳಬಹುದು. ಒಡವೆಯಿಲ್ಲದವಳನ್ನು ಕರೆಯಲು ಸಂಸ್ಕೃತದ ಸಾಲಂಕೃತವಾದ ಸಮಾಸವನ್ನೇ ಬಳಸಿದುದು ಸಹೃದಯರ ಮುಖದಲ್ಲಿ ನಸುನಗೆಯನ್ನು ಅರಳಿಸದಿರದು.

ಬೇಂದ್ರೆ ದಂಪತಿಗಳ ಸಂಸಾರವು ದುಃಖವನ್ನು ತುಂಬಿ ಉಂಡ ಸಂಸಾರ. ಹುಟ್ಟಿದ ಮಕ್ಕಳಲ್ಲಿ ಹಲವರು ಎಳವೆಯಲ್ಲಿಯೇ ತೀರಿಕೊಂಡರು. ಬೆಳೆದು ನಿಂತವರು ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಮಾತ್ರ. ೧೯೩೭ರಲ್ಲಿ ಪ್ರಕಟವಾದ ಸಖೀಗೀತ ಈ ದಾಂಪತ್ಯದ ಕಥೆಯನ್ನೇ ಹಾಡಿತು. ಸಖಿಯೆಂಬ ಮಾತು ಕೇಳಿದೊಡನೆ ಉಪವನದಲ್ಲಿ ವಿಹರಿಸುವ ನಾಯಕಿಯ ಚಿತ್ರ ಓದುಗನ ಕಣ್ಣಮುಂದೆ ಬರುತ್ತದೆ. ಪುಟವನ್ನು ತೆರೆದರೆ ಅಲ್ಲಿರುವವಳು ಬಡತನವನ್ನೂ ಪುತ್ರಶೋಕವನ್ನೂ ಗಂಡನೊಡನೆ ಸರಿಸಮವಾಗಿ ಹೊತ್ತ ಮನೆಯ ಹೆಂಡತಿ. ಸಖಿ ಎಂಬ ಶಬ್ದಕ್ಕೆ ಗೆಳತಿ ಎಂಬ ತನ್ನ ಮೂಲ ಗೌರವವನ್ನು ಕವಿ ಅಲ್ಲಿ ಮರಳಿಸಿಕೊಟ್ಟಿದ್ದಾರೆ.

ಹೆಸರಿನ ಹೊರಗೂ ಒಳಗೂ ಇರುವ ಅಂತರವು ಅತ್ಯಂತ ಹೃದಯವಿದ್ರಾವಕವಾಗಿ ಕಾಣುವುದು ನೀ ಹೀಂಗ ನೋಡಬ್ಯಾಡ ನನ್ನ ಎಂಬ ಗೀತದಲ್ಲಿ. ಧಾರವಾಡದ ಆಡುನುಡಿಯ ಈ ಹೆಸರನ್ನು ಮಾತ್ರ ಕೇಳಿದವರು ಇದನ್ನು ಪ್ರಣಯಗೀತವೆಂದೇ ಬಗೆಯುತ್ತಾರೆ. ನಾಚಿದ ಪ್ರಿಯೆ ತನ್ನ ಇನಿಯನಿಗೆ ಹೇಳುವ ಮಾತಿನಂತೆ ಅದು ತೋರುತ್ತದೆ. ಉತ್ಸವ ಸಮಾರಂಭಗಳಲ್ಲಿ ನಗುಮುಖದಿಂದ ಇದನ್ನು ಹಾಡಿದವರಿದ್ದಾರೆ. ತಲೆದೂಗಿ ಕೇಳಿದವರೂ ಇದ್ದಾರೆ. ನಿಜವಾಗಿ ಅದು ಮಗುವಿನ ಸಾವಿನ ಹೊತ್ತಿನ ಹಾಡು. ಕರುಳಿನ ಕುಡಿಯನ್ನು ಕಳೆದುಕೊಂಡ ತಾಯಿ ಗಂಡನ ಮುಖವನ್ನೇ ನೋಡುತ್ತಿದ್ದಾಳೆ. ಆ ನೋಟದಲ್ಲಿ ಅಳುವಿಲ್ಲ, ದೂರಿಲ್ಲ; ಉತ್ತರವಿಲ್ಲದ ಒಂದು ಪ್ರಶ್ನೆಯಿದೆ. ಅದನ್ನು ಎದುರಿಸುವ ಶಕ್ತಿ ಸಾಲದ ಗಂಡನು ಹಾಗೆ ನೋಡಬೇಡವೆಂದು ಬೇಡಿಕೊಳ್ಳುತ್ತಾನೆ. ಒಲವಿನ ಪಲ್ಲವಿಯಂತೆ ಕೇಳಿಸಿದ ಆ ಹೆಸರು ಒಡೆದ ಎದೆಯ ಮೊರೆಯೆಂಬುದು ತಿಳಿದಾಗ, ಹಿಂದೆ ನಗುತ್ತ ಕೇಳಿದವನು ತನ್ನಷ್ಟಕ್ಕೆ ತಾನೇ ತಲೆತಗ್ಗಿಸುತ್ತಾನೆ. ಆದರೆ ಪ್ರಣಯಗೀತವೆಂದು ಬಗೆದವನ ಎಣಿಕೆ ಪೂರ್ತಿ ತಪ್ಪೆಂದೂ ಹೇಳಲಾಗದು. ಪತಿಪತ್ನಿಯರ ಒಲವು ಅದರ ಪರೀಕ್ಷೆಯ ಗಳಿಗೆಯಲ್ಲಿ ಹೇಗಿರುತ್ತದೆಂಬುದನ್ನು ಆ ಹಾಡು ತೋರಿಸುತ್ತದೆ. ಆ ದೃಷ್ಟಿಯಿಂದ ಅದು ಒಲವಿನ ಹಾಡೇ ಹೌದು.

೧೯೪೬ರಲ್ಲಿ ಪ್ರಕಟವಾದ ಸಂಗ್ರಹಕ್ಕೆ ಹಾಡು ಪಾಡು ಎಂಬ ಹೆಸರು. ಕನ್ನಡದ ಚರಿತ್ರೆಯನ್ನು ಬಲ್ಲವರಿಗೆ ಈ ಜೋಡಿನುಡಿ ಅಚ್ಚರಿಯನ್ನುಂಟುಮಾಡುತ್ತದೆ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಯಿತು; ಪಾಲು ಹಾಲಾಯಿತು, ಪೂವು ಹೂವಾಯಿತು, ಪಾಡು ಹಾಡಾಯಿತು. ಹಾಗೆ ನೋಡಿದರೆ ಎರಡೂ ಒಂದೇ ಶಬ್ದ. ಆದರೆ ಪಾಡೆಂದರೆ ಪಟ್ಟ ಕಷ್ಟ, ಬಂದ ಗತಿ ಎಂಬ ಅರ್ಥವೂ ಉಂಟು. ಪಟ್ಟ ಪಾಡೇ ಕಾಲಾಂತರದಲ್ಲಿ ಹಾಡಾಗುತ್ತದೆ ಎಂಬ ಸತ್ಯವನ್ನು ವ್ಯಾಕರಣದ ಒಂದು ಸೂತ್ರವೇ ಸಾರುವಂತೆ ಅವರು ಮಾಡಿದರು. ಪಾಡನ್ನು ತನ್ನಲ್ಲಿಯೇ ಇಟ್ಟುಕೊಂಡು ಹಾಡನ್ನು ಮಾತ್ರ ಲೋಕಕ್ಕೆ ನೀಡುವುದು ಅವರ ಜೀವನದ ವ್ರತವೇ ಆಗಿತ್ತು. ಅವರ ಹೆಸರುಗಳು ಮೇಲೆ ಹಗುರವಾಗಿ ಕಾಣುವುದಕ್ಕೆ ಕಾರಣ ಇದೇ.

೧೯೪೩ರಲ್ಲಿ ಶಿವಮೊಗ್ಗೆಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರಿಗೆ ಸಂದಿತು. ನಾಡು ಅಧ್ಯಕ್ಷನೆಂದು ಮೆರೆಸಿದ ಕವಿಗೆ ಸ್ಥಿರವಾದ ಉದ್ಯೋಗ ದೊರೆತದ್ದು ಮರುವರ್ಷ, ಕನ್ನಡ ನಾಡಿನ ಗಡಿಯಾಚೆಯ ಸೊಲ್ಲಾಪುರದಲ್ಲಿ. ಅಲ್ಲಿಯ ಡಿ. ಎ. ವಿ. ಕಾಲೇಜಿನಲ್ಲಿ ೧೯೪೪ರಿಂದ ೧೯೫೬ರವರೆಗೆ ಕನ್ನಡ ಪ್ರಾಧ್ಯಾಪಕರಾಗಿದ್ದರು. ೧೯೫೧ರಲ್ಲಿ ಗಂಗಾವತರಣ ಪ್ರಕಟವಾಯಿತು. ಸ್ವರ್ಗದ ಗಂಗೆ ಭೂಮಿಗಿಳಿದ ಪುರಾಣದ ಕಥೆಯನ್ನು ಈ ಹೆಸರು ನೆನಪಿಸುತ್ತದೆ. ಆದರೆ ಜನರು ಆ ಶೀರ್ಷಿಕೆಯ ಕವಿತೆಯನ್ನು ಅದರ ಮೊದಲ ಮಾತುಗಳಿಂದಲೇ ಗುರುತಿಸಿದರು. ಬೆಳಗು ಎಂಬ ಕವಿತೆಗೂ ಇದೇ ಗತಿ. ೧೯೬೭ರ ಬೆಳ್ಳಿಮೋಡ ಚಲನಚಿತ್ರದ ಮೂಲಕ ಅದು ಮನೆಮನೆಯ ಹಾಡಾಯಿತು. ಕವಿಯಿಟ್ಟ ಬೆಳಗು ಎಂಬ ಹೆಸರನ್ನು ಮಾತ್ರ ಪಠ್ಯಪುಸ್ತಕವನ್ನೋದಿದವರು ಬಲ್ಲರು. ಕವಿಯಿಟ್ಟ ಹೆಸರು ಪುಸ್ತಕದಲ್ಲಿ ಉಳಿಯಿತು, ಜನರಿಟ್ಟ ಹೆಸರು ನಾಲಗೆಯಲ್ಲಿ ಉಳಿಯಿತು. ತಲೆಬರಹವಿಲ್ಲದ ವಚನ ಮತ್ತು ತತ್ತ್ವಪದಗಳ ಸಂಪ್ರದಾಯಕ್ಕೆ ಆ ಗೀತಗಳು ತಾವಾಗಿಯೇ ಮರಳಿ ಹೋದವೆನ್ನಬೇಕು.

೧೯೫೬ರಲ್ಲಿ ಬೇಂದ್ರೆಯವರಿಗೆ ಅರವತ್ತು ತುಂಬಿತು. ಸೊಲ್ಲಾಪುರವನ್ನು ಬಿಟ್ಟು ಧಾರವಾಡಕ್ಕೆ ಮರಳಿದ ಅವರು ಆಕಾಶವಾಣಿಯ ಸಲಹೆಗಾರರಾದರು. ಸೂರ್ಯಪಾನ, ಹೃದಯಸಮುದ್ರ, ಮುಕ್ತಕಂಠ, ಚೈತ್ಯಾಲಯ, ಜೀವಲಹರಿ ಎಂಬ ಐದು ಕವನಸಂಗ್ರಹಗಳನ್ನು ಒಂದುಗೂಡಿಸಿ ಹೊರತಂದಾಗ, ಆ ಬೃಹತ್ಸಂಪುಟಕ್ಕೆ ಅವರು ಕೊಟ್ಟ ಹೆಸರು ಅರಳು ಮರಳು. ಒಳಗಿನ ಐದೂ ಹೆಸರುಗಳು ಭವ್ಯವಾದವು. ಹೊರಗಿನದು ಜನರು ಮುದುಕರನ್ನು ಗೇಲಿ ಮಾಡುವ ಮಾತು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ವಯಸ್ಸಾದವರ ಬುದ್ಧಿ ಮಂಕಾಯಿತೆಂಬುದು ಅದರ ಅರ್ಥ. ಬೇರೆಯವರು ಆಡುವ ಮುನ್ನವೇ ಆ ಮಾತನ್ನು ತಮ್ಮ ಹಣೆಯ ಮೇಲೆ ತಾವೇ ಬರೆದುಕೊಂಡ ಧೈರ್ಯ ಅಸಾಮಾನ್ಯವಾದುದು. ಆದರೆ ಆ ಎರಡು ಶಬ್ದಗಳನ್ನು ಬಿಡಿಸಿ ನೋಡಬೇಕು. ಅರಳುವುದೆಂದರೆ ಹೂವಾಗುವುದು, ಮರಳುವುದೆಂದರೆ ಮತ್ತೆ ಬರುವುದು. ಬಾಡಬೇಕಾದ ವಯಸ್ಸಿನಲ್ಲಿ ಮರಳಿ ಅರಳಿದ ಜೀವವೆಂದು ಆಗ ಆ ಹೆಸರು ನುಡಿಯುತ್ತದೆ. ಗಾದೆಯ ಒಂದಕ್ಷರವನ್ನೂ ಬದಲಿಸದೆ ಅದರ ಬಾಣವನ್ನು ಹೂವನ್ನಾಗಿ ತಿರುಗಿಸಿದ ಈ ಚಮತ್ಕಾರಕ್ಕೆ ಕನ್ನಡದಲ್ಲಿ ಸರಿಸಾಟಿ ವಿರಳ. ಮಂಕುಬುದ್ಧಿಯೆಂದು ತನ್ನನ್ನು ತಾನೇ ಕರೆದುಕೊಂಡ ಆ ಕೃತಿಗೆ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

೧೯೬೪ರಲ್ಲಿ ನಾಕುತಂತಿ ಪ್ರಕಟವಾಯಿತು. ನಾಲ್ಕು ಎಂಬುದು ಗ್ರಂಥದ ರೂಪ. ನಾಕು ಎಂಬುದು ಧಾರವಾಡದ ಓಣಿಯ ರೂಪ. ಕವಿ ಓಣಿಯ ರೂಪವನ್ನೇ ಆರಿಸಿಕೊಂಡರು. ಹಾಗೆ ಮಾಡಿದಾಗ ಸ್ವರ್ಗವೆಂಬ ಅರ್ಥದ ನಾಕ ಎಂಬ ಸಂಸ್ಕೃತ ಶಬ್ದದ ನೆರಳೂ ಅದರ ಮೇಲೆ ಬಿದ್ದಿತು. ನಾನು, ನೀನು, ಆನು, ತಾನು ಎಂಬುವು ಆ ನಾಲ್ಕು ತಂತಿಗಳು. ಶಾಲೆಯ ಹುಡುಗನು ವ್ಯಾಕರಣದಲ್ಲಿ ಬಾಯಿಪಾಠ ಮಾಡುವ ಸರ್ವನಾಮಗಳನ್ನು ವೀಣೆಗೆ ಬಿಗಿದು, ಜೀವ ಮತ್ತು ದೇವರ ಸಂಬಂಧವನ್ನು ನುಡಿಸಿದ ಕವಿತೆಯದು. ತಂತಿಯೆಂದರೆ ಆ ಕಾಲದಲ್ಲಿ ಅಂಚೆಯ ಮನೆಯಿಂದ ಬರುವ ತುರ್ತು ಸುದ್ದಿಯೂ ಆಗಿತ್ತು. ನಾಲ್ಕೇ ಮಾತುಗಳಲ್ಲಿ ಬಹಳವನ್ನು ತಿಳಿಸುವ ಸುದ್ದಿಯೆಂದು ಆ ಹೆಸರನ್ನು ಓದಿದರೂ ತಪ್ಪಾಗದು. ೧೯೭೩ರ ಜ್ಞಾನಪೀಠ ಪ್ರಶಸ್ತಿ ಈ ಕೃತಿಗಾಗಿ ಅವರಿಗೆ ಸಂದಿತು. ಒರಿಯಾ ಕಾದಂಬರಿಕಾರ ಗೋಪೀನಾಥ ಮಹಾಂತಿಯವರು ಆ ಗೌರವದಲ್ಲಿ ಸಮಭಾಗಿಗಳಾಗಿದ್ದರು. ಅದಕ್ಕೂ ಮೊದಲು ೧೯೬೮ರಲ್ಲಿ ಭಾರತ ಸರಕಾರವು ಪದ್ಮಶ್ರೀ ಪದವಿಯಿತ್ತು ಅವರನ್ನು ಮನ್ನಿಸಿತ್ತು. ಹಿಂದೊಮ್ಮೆ ಸರಕಾರದ ಕಣ್ಣಿಗೆ ರಾಜದ್ರೋಹಿಯಾಗಿ ಕಂಡವರು ಸ್ವತಂತ್ರ ಭಾರತದ ಸರಕಾರದಿಂದ ಪುರಸ್ಕೃತರಾದರು.

ಇಳಿವಯಸ್ಸಿನಲ್ಲಿ ಬೇಂದ್ರೆಯವರು ಸಂಖ್ಯಾಶಾಸ್ತ್ರದ ಚಿಂತನೆಯಲ್ಲಿ ಮಗ್ನರಾಗಿದ್ದರು. ನುಡಿಯೊಳಗೆ ಅರ್ಥವನ್ನು ಹುಡುಕಿದಂತೆಯೇ ಅಂಕಿಯೊಳಗೂ ಅರ್ಥವನ್ನು ಹುಡುಕಿದರು. ಸಾಧನಕೇರಿಯ ಅವರ ಮನೆಗೆ ಶ್ರೀಮಾತಾ ಎಂದು ಹೆಸರು. ಒಂದು ಕವನಸಂಗ್ರಹಕ್ಕೂ ಅದೇ ಹೆಸರು. ಅಂಬಿಕೆಯ ಮಗನು ಕೊನೆಯವರೆಗೂ ತಾಯಿಯ ಹೆಸರಿನ ನೆರಳಿನಲ್ಲಿಯೇ ಬಾಳಿದನು. ಎಂಬತ್ತರ ಹೊಸ್ತಿಲಲ್ಲಿ ನಿಂತಾಗ ಬಂದ ಒಂದು ಸಂಗ್ರಹಕ್ಕೆ ಮತ್ತೆ ಶ್ರಾವಣಾ ಬಂತು ಎಂದು ಹೆಸರಾಯಿತು. ಧಾರವಾಡದ ಮಳೆಯನ್ನು ತಾರುಣ್ಯದಲ್ಲಿಯೇ ಹಾಡಿದ್ದವರು ಮುಪ್ಪಿನಲ್ಲಿ ಮತ್ತೆ ಎಂಬ ಒಂದೇ ಮಾತನ್ನು ಮುಂದೆ ಸೇರಿಸಿದರು. ಆ ಒಂದು ಮಾತಿನಲ್ಲಿ ಹೋದ ವರುಷಗಳೆಲ್ಲ ಅಡಗಿವೆ; ಬರುವ ಮಳೆಯ ಭರವಸೆಯೂ ಅಡಗಿದೆ. ೧೯೮೧ರ ಅಕ್ಟೋಬರ್ ತಿಂಗಳಲ್ಲಿ ವರಕವಿಗಳು ಕಾಲನ ಹಕ್ಕಿಯ ರೆಕ್ಕೆಯನ್ನೇರಿ ತೆರಳಿದರು. ಆಗ ಅವರಿಗೆ ಎಂಬತ್ತೈದು ವರ್ಷ.

ವಿದ್ಯಾರ್ಥಿಗಳು ಪರೀಕ್ಷೆಗಾಗಿ ಕವಿತೆಗಳ ಹೆಸರನ್ನು ಬಾಯಿಪಾಠ ಮಾಡುವುದುಂಟು. ಯಾವ ಕೃತಿ ಯಾರದು, ಯಾವ ವರ್ಷದ್ದು, ಯಾವ ಪ್ರಶಸ್ತಿ ಪಡೆಯಿತು ಎಂಬಲ್ಲಿಗೆ ಆ ಓದು ನಿಲ್ಲುತ್ತದೆ. ಅದು ಬೇಕಾದುದೇ, ಆದರೆ ಅಷ್ಟೇ ಸಾಲದು. ಮನೆಯ ಬಾಗಿಲ ಮೇಲಿನ ಹೆಸರನ್ನು ಓದಿ ಹಿಂದಿರುಗಿದವನು ಮನೆಯವರನ್ನು ಕಂಡಂತಾಗಲಿಲ್ಲ. ಗರಿ ಎಂದು ಓದಿದಾಗ ಸೆರೆಮನೆಯ ಗೋಡೆಯೂ, ಅರಳು ಮರಳು ಎಂದು ಓದಿದಾಗ ಮರಳಿ ಹೂವಾದ ಮುಪ್ಪೂ, ನಗೆಯ ಹಾಡೆಂದು ತೋರಿದಲ್ಲಿ ಮಗುವನ್ನು ಕಳೆದುಕೊಂಡ ತಾಯಿಯ ಕಣ್ಣೂ ಕಾಣುವಂತಾದರೆ ಆ ಓದು ಸಾರ್ಥಕ. ಕವಿತೆಯ ವಿಷಯದಲ್ಲಿ ಹೇಗೋ ಮನುಷ್ಯರ ವಿಷಯದಲ್ಲಿಯೂ ಹಾಗೆಯೇ. ನಗುತ್ತ ಎದುರಾಗುವ ಸಹಪಾಠಿಯ ಎದೆಯಲ್ಲಿ, ಗಟ್ಟಿಯಾಗಿ ಮಾತನಾಡುವ ಗುರುಗಳ ಮನೆಯಲ್ಲಿ, ಹಗುರವಾದ ಹೆಸರಿನ ಹಿಂದೆ ಯಾವ ಪಾಡಿದೆಯೋ ಬಲ್ಲವರಾರು? ಮೇಲಿನ ಮಾತನ್ನು ಕೇಳಿ ಅಲ್ಲಿಗೇ ತೀರ್ಮಾನ ಮಾಡದಿರುವ ಸಂಯಮವನ್ನು ಕಲಿಸುವುದೇ ಸಾಹಿತ್ಯದ ಪರಮ ಪ್ರಯೋಜನ. ಬೇಂದ್ರೆಯವರು ತಮ್ಮ ಪುಸ್ತಕಗಳ ಹೊದಿಕೆಯ ಮೇಲೆಯೇ ಆ ಪಾಠವನ್ನು ಬರೆದಿಟ್ಟು ಹೋಗಿದ್ದಾರೆ.